ಆವುಲಪ್ಪನ ಬೋಣಿ ವ್ಯಾಪಾರ

ಶಿಡ್ಲಘಟ್ಟದ ಪೇಟೆಯಲ್ಲಿ ಅಂಗಡಿ ಇಟ್ಟವರು ದೇವರಿಗೆ ಹೆದರುತ್ತಾರೆ, ತೆರಿಗೆಯವರಿಗೆ ಹೆದರುತ್ತಾರೆ, ಮನೆಯಲ್ಲಿ ಹೆಂಡತಿಗೂ ಹೆದರುತ್ತಾರೆ. ಆದರೆ ಈ ಮೂವರನ್ನೂ ಒಟ್ಟಿಗೆ ತಂದು ನಿಲ್ಲಿಸಿದರೂ ಬೆಳಗಿನ ಮೊದಲ ಗಿರಾಕಿಗೆ ಹೆದರುವಷ್ಟು ಹೆದರುವುದಿಲ್ಲ. ಬಾಗಿಲು ತೆಗೆದು, ನೀರು ಚಿಮುಕಿಸಿ, ಊದಿನಕಡ್ಡಿ ಹಚ್ಚಿದ ಮೇಲೆ ಮೊದಲು ಒಳಗೆ ಕಾಲಿಟ್ಟವನು ಬರಿಗೈಯಲ್ಲಿ ಹೊರಗೆ ಹೋಗಬಾರದು. ಹೋದರೆ ಅವತ್ತಿನ ವ್ಯಾಪಾರವೂ ಅವನ ಹಿಂದೆಯೇ ಹೋಯಿತು ಎಂದು ಲೆಕ್ಕ. ಅದಕ್ಕೇ ಬೋಣಿಯ ಹೊತ್ತಿನಲ್ಲಿ ಗಿರಾಕಿ ಎಷ್ಟು ಅಡ್ಡಾದಿಡ್ಡಿ ಬೆಲೆ ಕೇಳಿದರೂ ಅಂಗಡಿಯವನು ಹಲ್ಲು ಕಚ್ಚಿಕೊಂಡು ಕೊಟ್ಟುಬಿಡುತ್ತಾನೆ. ದುಡ್ಡನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕುತ್ತಾನೆ, ಮನಸ್ಸಿನಲ್ಲಿ ಬೈಯುತ್ತಾನೆ.

ಈ ಬೈಗುಳವನ್ನು ಇಪ್ಪತ್ತು ವರ್ಷ ತಿಂದು ಅರಗಿಸಿಕೊಂಡ ಮಹಾನುಭಾವ ಮೇಲೂರಿನ ಆವುಲಪ್ಪ. ಶಿಡ್ಲಘಟ್ಟದ ಒಂದು ಗೊಬ್ಬರದ ಏಜೆನ್ಸಿಯಲ್ಲಿ ಗುಮಾಸ್ತ. ಹತ್ತು ಗಂಟೆಗೆ ತೆಗೆಯುವ ಆಫೀಸಿಗೆ ಏಳೂವರೆಗೇ ಬಸ್ಸಿಳಿಯುತ್ತಿದ್ದ. ಕೆಲಸದ ಮೇಲಿನ ಪ್ರೀತಿಯಿಂದ ಅಂದುಕೊಳ್ಳಬೇಡಿ. ಯಾವ ಅಂಗಡಿಯ ಷಟರ್ ಮೊದಲು ಮೇಲೇಳುತ್ತದೆ ಎಂದು ಕಾಯುವುದಕ್ಕೆ. ಚಪ್ಪಲಿ, ಛತ್ರಿ, ಬಕೆಟ್ಟು, ಮಗಳು ಹರಿತಾಳ ಸ್ಕೂಲ್ ಬ್ಯಾಗು, ಎಲ್ಲವೂ ಬೋಣಿಯಲ್ಲೇ ಕೊಂಡದ್ದು. ಆ ಮಗಳು ಹುಟ್ಟಿದ ದಿನ ಕೂಡ ತೊಟ್ಟಿಲನ್ನು ಬೋಣಿ ಬೆಲೆಗೆ ಗಿಟ್ಟಿಸಿಕೊಂಡೇ ಆಸ್ಪತ್ರೆಗೆ ಹೋದವನು. ಒಂದು ಗಂಟೆ ತಡವಾಯಿತು ನಿಜ. ಆದರೆ ಇನ್ನೂರು ರೂಪಾಯಿ ಉಳಿದಿತ್ತು. ಹೆಂಡತಿ ಗಂಗುಲಮ್ಮ ಆ ಇನ್ನೂರನ್ನು ಇವತ್ತಿಗೂ ಮರೆತಿಲ್ಲ.

ಇಂಥ ಆವುಲಪ್ಪ ಒಂದು ದಿನ ಚೆನ್ನರಾಯಪ್ಪನ ಸ್ಟೀಲ್ ಪಾತ್ರೆ ಅಂಗಡಿಗೆ ನುಗ್ಗಿ ಟೀ ಸೋಸುವ ಜಾಲರಿ ಕೇಳಿದ. ಅರವತ್ತು ರೂಪಾಯಿ ಎಂದ ಚೆನ್ನರಾಯಪ್ಪ. ಹದಿನೈದು ಎಂದ ಆವುಲಪ್ಪ. ಮುಕ್ಕಾಲು ಗಂಟೆ ಜಗ್ಗಾಡಿ ಹದಿನೆಂಟಕ್ಕೆ ಇಳಿಸಿ, ಜೊತೆಗೊಂದು ಪ್ಲಾಸ್ಟಿಕ್ ಚೀಲ ಇಸಕೊಂಡು ಹೊರಟ. ಅವನು ಬಾಗಿಲು ದಾಟುವುದಕ್ಕೂ ನಗರಗೆರೆ ಕಡೆಯ ಮದುವೆ ಮನೆಯವರ ಟೆಂಪೋ ಅದೇ ಅಂಗಡಿ ಎದುರು ಕೆಟ್ಟು ನಿಲ್ಲುವುದಕ್ಕೂ ಸರಿಹೋಯಿತು. ಮೆಕ್ಯಾನಿಕ್ಕು ಬರುವ ತನಕ ಸುಮ್ಮನೆ ಯಾಕೆ ನಿಲ್ಲುವುದು ಎಂದು ಒಳಗೆ ಬಂದ ಹೆಂಗಸರು ಕೊಪ್ಪರಿಗೆ, ಬಿಂದಿಗೆ, ಹರಿವಾಣ, ಡಬರಿ ಅಂತ ತೊಂಬತ್ತು ಸಾವಿರದ ಸಾಮಾನು ತುಂಬಿಸಿಕೊಂಡು ಹೋದರು.

ಟೆಂಪೋ ಕೆಟ್ಟದ್ದಕ್ಕೆ ಕಾರಣ ಟೆಂಪೋದ ವಯಸ್ಸು. ಆದರೆ ವ್ಯಾಪಾರಿಗೆ ಅಷ್ಟು ಸರಳವಾದ ಕಾರಣ ಸಮಾಧಾನ ಕೊಡುವುದಿಲ್ಲ. ಮಾರನೆಯ ದಿನ ಚೆನ್ನರಾಯಪ್ಪ ಬಸ್ ಸ್ಟ್ಯಾಂಡಿಗೇ ಬಂದು ನಿಂತಿದ್ದ.

"ಬನ್ನಿ ಆವುಲಪ್ಪನೋರೇ, ಬನ್ನಿ. ಅಂಗಡಿ ತೆಗೆಯೋ ಹೊತ್ತಾಯ್ತು."

ಆವುಲಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಜಾಲರಿ ವಾಪಸ್ ಕೊಡಲ್ಲ ಕಣಪ್ಪ. ಆಗಲೇ ಟೀ ಸೋಸಿದೀವಿ."

"ಅಯ್ಯೋ, ಯಾರಿಗೆ ಬೇಕು ಜಾಲರಿ! ನಿಮ್ಮ ಕೈಗುಣ ಬೇಕು. ಒಂದು ಚಮಚ ತಗೊಳ್ಳಿ. ಎಷ್ಟು ಕೊಡ್ತೀರೋ ಕೊಡಿ."

ಎಷ್ಟು ಕೊಡ್ತೀರೋ ಕೊಡಿ! ಈ ಮಾತು ಕೇಳಿ ಆವುಲಪ್ಪನ ಮೈಯೆಲ್ಲ ಝುಮ್ಮೆಂದಿತು. ಇಪ್ಪತ್ತು ವರ್ಷ ಚೌಕಾಸಿ ಮಾಡಿದವನಿಗೆ ಮೊದಲ ಸಲ ಎದುರಾಳಿ ತಾನಾಗಿಯೇ ಸೋತು ನಿಂತಿದ್ದ. ಒಂದು ರೂಪಾಯಿಗೆ ಚಮಚ ಕೊಂಡ. ಅವತ್ತೂ ವ್ಯಾಪಾರ ಚೆನ್ನಾಗಾಯಿತು, ಯಾಕೆಂದರೆ ಲಗ್ನದ ತಿಂಗಳು. ವಾರದೊಳಗೆ ಇಡೀ ಪೇಟೆಗೆ ಸುದ್ದಿ ಹಬ್ಬಿತು. ಬಟ್ಟೆಯವರು, ಬಳೆಯವರು, ರೇಷ್ಮೆ ಗೂಡಿನ ನೂಲು ಬಿಚ್ಚುವ ಕಾರ್ಖಾನೆಗಳಿಗೆ ಬೆಲ್ಟು ಮಾರುವವರು, ಎಲ್ಲರೂ ಆವುಲಪ್ಪನಿಗೆ ಕೈಮುಗಿಯತೊಡಗಿದರು.

ಒಬ್ಬ ಮನುಷ್ಯ ಒಂದೇ ಹೊತ್ತಿಗೆ ಹತ್ತು ಅಂಗಡಿಗೆ ಮೊದಲ ಗಿರಾಕಿಯಾಗುವುದು ಹೇಗೆ? ಗಂಗುಲಮ್ಮ ಒಂದು ನೋಟ್‌ಬುಕ್ ತೆಗೆದುಕೊಂಡು ಕೂತಳು. ಐದೂವರೆಗೆ ಬೀಡಾ ಅಂಗಡಿ, ಐದೂ ಮುಕ್ಕಾಲಿಗೆ ಹಗ್ಗದ ಅಂಗಡಿ, ಆರಕ್ಕೆ ಬಳೆ. ಹೀಗೆ ಬರೆದು ಹಂಚಿದಳು. ಪೇಟೆಯಲ್ಲಿ ಬಾಗಿಲು ತೆಗೆಯುವ ಹೊತ್ತೇ ಬದಲಾಯಿತು. ಬೆಳಿಗ್ಗೆ ಐದೂ ಮುಕ್ಕಾಲಿಗೆ ಹಗ್ಗ ಕೊಳ್ಳುವ ಜನ ಈ ಭೂಮಿ ಮೇಲೆ ಇಲ್ಲದಿದ್ದರೂ ಹಗ್ಗದ ಅಂಗಡಿಯವನು ಆಕಳಿಸುತ್ತಾ ಬಾಗಿಲು ತೆಗೆದು ಕೂರುತ್ತಿದ್ದ.

ಮೊದಮೊದಲು ಆವುಲಪ್ಪ ಒಂದೊಂದು ರೂಪಾಯಿಗೆ ಸಾಮಾನು ಪಡೆದು ತೃಪ್ತನಾಗಿದ್ದ. ಆಮೇಲೆ ಆ ರೂಪಾಯಿ ಬಿಚ್ಚುವುದಕ್ಕೂ ಹೊಟ್ಟೆ ಉರಿಯತೊಡಗಿತು. "ಬೋಣಿ ಅಂದ್ರೆ ನನ್ನ ಕೈಯಿಂದ ದುಡ್ಡು ಬರಬೇಕು ಅಷ್ಟೇ. ಆ ದುಡ್ಡು ನಂದೇ ಆಗಿರಬೇಕು ಅಂತ ಯಾವ ಶಾಸ್ತ್ರದಲ್ಲೈತೆ?" ಎಂದ. ಸರಿ, ಅಂಗಡಿಯವರೇ ಹಿಂದಿನ ದಿನ ರೂಪಾಯಿ ಕೊಟ್ಟು ಕಳಿಸತೊಡಗಿದರು. ಆಮೇಲೆ ಬಂದುಹೋಗುವ ಶ್ರಮಕ್ಕೆ ಐವತ್ತು ರೂಪಾಯಿ. ಆಮೇಲೆ ನೂರು. ಹಬ್ಬದ ದಿನ ಇನ್ನೂರು. ಜೊತೆಗೆ 'ಬೋಣಿ ನಿಯಮಗಳು' ಎಂದು ಎಂಟು ಪುಟದ ಪುಸ್ತಕ ಅಚ್ಚು ಹಾಕಿಸಿ ಇಪ್ಪತ್ತು ರೂಪಾಯಿಗೆ ಮಾರಿದ. ಮನೆಯವರ ಬೋಣಿ ಬೋಣಿಯಲ್ಲ, ಕೆಲಸದಾಳಿನ ಬೋಣಿ ಬೋಣಿಯಲ್ಲ, ಮಕ್ಕಳ ಬೋಣಿ ಅರ್ಧ ಬೋಣಿ, ಹೆಸರು ತಿಳಿಯದವರ ಬೋಣಿ ಅಪಾಯ, ಹೀಗೆ ಮೂವತ್ತೊಂದು ನಿಯಮಗಳು. ಇವನ್ನೆಲ್ಲ ಎಲ್ಲಿಂದ ತೆಗೆದ ಎಂದು ಯಾರೂ ಕೇಳಲಿಲ್ಲ. ಅಚ್ಚಾದದ್ದನ್ನು ನಮ್ಮ ಜನ ನಂಬುತ್ತಾರೆ.

ನಂಬದೆ ಉಳಿದವಳು ದಿನಸಿ ಅಂಗಡಿಯ ಯಶೋದಮ್ಮ ಒಬ್ಬಳೇ.

"ಯಾರ ಕೈಯಿಂದ ಬಂದ್ರೂ ನೋಟು ನೋಟೇ ಕಣಯ್ಯಾ. ನಿನಗೆ ಯಾಕೆ ನೂರು ಕೊಡಲಿ? ಹೋಗಿ ಆಫೀಸಲ್ಲಿ ಗೊಬ್ಬರ ತೂಗು" ಎಂದುಬಿಟ್ಟಳು.

ಆವುಲಪ್ಪನಿಗೆ ಇದು ಸಹಿಸಲಾಗದ ಮಾತು. ಆರು ದಿನ ಕಾದ. ಏಳನೆಯ ದಿನ ಯಶೋದಮ್ಮನ ಅಂಗಡಿಯ ಫ್ರಿಜ್ಜು ಢಬ್ ಎಂದು ಸುಟ್ಟು ಹಾಲು ಮೊಸರೆಲ್ಲ ಹಾಳಾಯಿತು. ನೋಡಲು ಸೇರಿದ್ದ ಜನರ ಮಧ್ಯೆ ಹೋಗಿ ನಿಂತು ಆವುಲಪ್ಪ ವೈದ್ಯರ ಗಾಂಭೀರ್ಯದಲ್ಲಿ ಕೇಳಿದ: "ಇವತ್ತು ಬೆಳಿಗ್ಗೆ ಬೋಣಿ ಯಾರು ಮಾಡಿದ್ದು?"

ಯಶೋದಮ್ಮ ಅಳುದನಿಯಲ್ಲಿ ನೆನಪು ಮಾಡಿಕೊಂಡಳು. "ನಮ್ಮ ಹಿಂದಿನ ಬೀದಿ ಮುನಿಗಂಗಮ್ಮ. ಐವತ್ತು ಗ್ರಾಂ ಕಾಫಿಪುಡಿ ಒಯ್ದಳು."

ಆವುಲಪ್ಪ ಸುಮ್ಮನೆ ಕಣ್ಣು ಮುಚ್ಚಿ ತಲೆ ಆಡಿಸಿದ. ಅಷ್ಟು ಸಾಕಾಯಿತು. ಯಶೋದಮ್ಮ ಅವತ್ತು ಸಂಜೆಯೇ ನೂರು ರೂಪಾಯಿ ಕೊಟ್ಟು ನೋಟ್‌ಬುಕ್ಕಿನಲ್ಲಿ ಹೆಸರು ಬರೆಸಿದಳು.

ಮುನಿಗಂಗಮ್ಮ ಎಪ್ಪತ್ತು ದಾಟಿದ ಹೆಂಗಸು, ಮೊಮ್ಮಗಳು ಮಾಲಾಳನ್ನು ಸಾಕಿಕೊಂಡಿದ್ದವಳು. ಮಾರನೆಯ ದಿನ ಬೆಳಿಗ್ಗೆ ಸಕ್ಕರೆಗೆಂದು ಹೊರಟರೆ ಪೇಟೆಗೆ ಪೇಟೆಯೇ ಬೆಚ್ಚಿಬಿತ್ತು. ಒಬ್ಬ ಷಟರ್ ಅರ್ಧ ಇಳಿಸಿದ. ಒಬ್ಬ ತಕ್ಕಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟ. "ಹತ್ತು ಗಂಟೆ ಮೇಲೆ ಬಾರಮ್ಮ, ನಿನ್ನ ದಮ್ಮಯ್ಯ" ಎಂದು ಇನ್ನೊಬ್ಬ ಕೈಮುಗಿದ. ಮುದುಕಿಗೆ ಮೊದಲು ಅಳು ಬಂತು. ಎಪ್ಪತ್ತು ವರ್ಷ ಬಾಳಿದ ಊರಿನಲ್ಲಿ ಇದೇನು ಅವಮಾನ ಎಂದು ಅಲ್ಲೇ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಆ ಅಂಗಡಿಯವನು ಗಾಬರಿಯಾಗಿ ಓಡಿಬಂದು ಅರ್ಧ ಕೆಜಿ ಸಕ್ಕರೆ ಪೊಟ್ಟಣವನ್ನು ಅವಳ ಮಡಿಲಿಗೆ ಹಾಕಿ, "ದುಡ್ಡು ಬೇಡ, ಏನೂ ಬೇಡ, ಒಳಗೆ ಮಾತ್ರ ಬರಬೇಡ ತಾಯಿ" ಎಂದ.

ಮುನಿಗಂಗಮ್ಮ ಕಣ್ಣೊರೆಸಿಕೊಂಡಳು. ಪೊಟ್ಟಣ ನೋಡಿದಳು. ಪಕ್ಕದ ಅಂಗಡಿಯ ಮೆಟ್ಟಿಲು ನೋಡಿದಳು. ಓದು ಬರಹ ಬರದಿದ್ದರೂ ದಡ್ಡಿಯಲ್ಲ. ತಿಂಗಳು ಕಳೆಯುವುದರೊಳಗೆ ಅವಳು ಬೆಳಿಗ್ಗೆ ಪೇಟೆಗೆ ಬರದಿರಲಿ ಎಂದು ಅಂಗಡಿಯವರೇ ಅಕ್ಕಿ, ಬೇಳೆ, ಕಾಫಿಪುಡಿ, ಮೇಲುಖರ್ಚಿಗೆ ಇಷ್ಟು ಎಂದು ಮನೆಗೆ ಮುಟ್ಟಿಸುತ್ತಿದ್ದರು. ಆವುಲಪ್ಪ ಬರುವುದಕ್ಕೆ ಒಂದು ಖರ್ಚು, ಮುನಿಗಂಗಮ್ಮ ಬರದಿರುವುದಕ್ಕೆ ಇನ್ನೊಂದು ಖರ್ಚು. ಸಾಮಾನು ಮಾರಿ ಬಂದ ಲಾಭದಲ್ಲಿ ಏನು ಉಳಿಯುತ್ತಿತ್ತೋ ಆ ಭಗವಂತನಿಗೇ ಗೊತ್ತು.

ಆವುಲಪ್ಪನಿಗೆ ಹೊಟ್ಟೆ ಉರಿದುಹೋಯಿತು. "ನಾನು ನಾಲ್ಕಕ್ಕೆ ಎದ್ದು ತಣ್ಣೀರು ಸ್ನಾನ ಮಾಡಿ ಬೀದಿ ಬೀದಿ ಅಲೀತೀನಿ. ಆ ಮುದುಕಿ ಕಂಬಳಿ ಹೊದ್ದು ಮಲಗಿದ್ರೂ ದುಡಿಮೆ! ಇದೇನ್ ನ್ಯಾಯಾನೇ?" ಎಂದು ಹೆಂಡತಿಯ ಮುಂದೆ ಗೋಳಾಡಿದ.

"ಅವಳನ್ನ ಹಂಗೆ ಮಾಡಿದ್ದು ಯಾರು? ನೀವೇ ಅಲ್ವೇನ್ರೀ?" ಎಂದಳು ಗಂಗುಲಮ್ಮ.

ಈ ಸಂಕಟದ ಹೊತ್ತಿನಲ್ಲೇ ಗಂಗುಲಮ್ಮನ ತಮ್ಮ ರಮೇಶ್‌ಬಾಬು ಬಂದ. ಚಿಂತಾಮಣಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ತನ್ನ ಅಂಗಡಿಯೊಂದನ್ನು ಬಿಟ್ಟು ಮಿಕ್ಕ ಎಲ್ಲರ ವ್ಯಾಪಾರಕ್ಕೂ ಸಲಹೆ ಕೊಡುವ ದೊಡ್ಡ ಮನಸ್ಸಿನವನು.

"ಬಾವ, ನೀನು ಇನ್ನೂ ಕಾಲಲ್ಲಿ ನಡೀತಾ ಇದೀಯ. ಲೋಕ ಬೆರಳಲ್ಲಿ ನಡೀತೈತೆ. ಎಲ್ಲಾ ಅಂಗಡೀಲೂ ದುಡ್ಡು ಬಿದ್ರೆ ಕೂಗೋ ಪೆಟ್ಟಿಗೆ ಐತಾ ಇಲ್ವಾ? ನೀನು ಮೇಲೂರಲ್ಲಿ ಹಾಸಿಗೆ ಮೇಲೆ ಕೂತ್ಕೊಂಡು ಒಂದೊಂದು ರೂಪಾಯಿ ಒತ್ತು. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಎಲ್ಲಾ ಕಡೆ ಬೋಣಿ ಆಗೋಯ್ತದೆ. ಅರ್ಧ ನಿಂಗೆ, ಅರ್ಧ ನಂಗೆ."

"ಕಾಲು ನಿಂಗೆ" ಎಂದ ಆವುಲಪ್ಪ. ಕೈಗುಣ ಫೋನಿನ ಮೂಲಕ ಹರಿಯುತ್ತದೋ ಇಲ್ಲವೋ ಎಂಬುದನ್ನು ಇಬ್ಬರೂ ಯೋಚಿಸಲಿಲ್ಲ.

ಹರಿಯಿತು. ಮೂರು ಊರುಗಳಲ್ಲಿ ಎಂಬತ್ತಾರು ಅಂಗಡಿ ಹೆಸರು ಬರೆಸಿದವು. ದಿನಾ ಮುಂಜಾನೆ ಆವುಲಪ್ಪ ಗೋಡೆಗೊರಗಿ ಒತ್ತುತ್ತಾ ಹೋಗುತ್ತಿದ್ದ. ಗೌರಿಬಿದನೂರಿನಿಂದ ಚಿಂತಾಮಣಿಯ ತನಕ ಪೆಟ್ಟಿಗೆಗಳು 'ಒಂದು ರೂಪಾಯಿ ಬಂದಿದೆ, ಒಂದು ರೂಪಾಯಿ ಬಂದಿದೆ' ಎಂದು ಕೂಗುತ್ತಿದ್ದವು. ಅಂಗಡಿಯವರು ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಆವುಲಪ್ಪ ಗೊಬ್ಬರದ ಕೆಲಸಕ್ಕೆ ರಾಜೀನಾಮೆ ಬಿಸಾಕಿ ಬಂದ. ಇಪ್ಪತ್ತೆರಡು ವರ್ಷದ ಸಂಬಳದ ಕೆಲಸ. ಬಿಡುವಾಗ ಮಾಲೀಕನಿಗೆ ತನ್ನ ಪುಸ್ತಕದ ಒಂದು ಪ್ರತಿಯನ್ನೂ ಕೊಟ್ಟ, ಇಪ್ಪತ್ತು ರೂಪಾಯಿ ಇಸಕೊಂಡೇ.

ಹತ್ತೊಂಬತ್ತನೆಯ ದಿನ ಫೋನು ಒತ್ತಿದರೆ ದುಡ್ಡು ಹೋಗಲಿಲ್ಲ. ಬ್ಯಾಂಕಿನವರು ಖಾತೆ ನಿಲ್ಲಿಸಿದ್ದರು. ಆವುಲಪ್ಪ ಓಡಿದ. ಮ್ಯಾನೇಜರು ಬೀರೇಶ್ ಎಂಬ ಕನ್ನಡಕದ ಹುಡುಗ, ಕಾಗದದ ಉದ್ದ ಪಟ್ಟಿ ಹಿಡಿದು ಕೂತಿದ್ದ.

"ದಿನಾ ಬೆಳಿಗ್ಗೆ ಎಂಬತ್ತಾರು ಜನಕ್ಕೆ ನೀವು ಒಂದೊಂದು ರೂಪಾಯಿ ಕಳಿಸ್ತೀರ. ಸಂಜೆ ಅವರು ನಿಮಗೆ ನೂರು ನೂರು ಕಳಿಸ್ತಾರೆ. ಏನ್ರೀ ಇದು?"

"ಬೋಣಿ ಸಾರ್."

"ಕಂಪ್ಯೂಟರು ಮೋಸ ಅಂತ ಹೇಳ್ತಾ ಇದೆ."

"ಕಂಪ್ಯೂಟರಿಗೆ ನಮ್ಮ ಕಡೆ ಪದ್ಧತಿ ಗೊತ್ತಿಲ್ಲ ಸಾರ್. ನೀವೇ ಒಂದ್ ಮಾತು ಹೇಳಿ."

ಬೀರೇಶ್ ಅರ್ಜಿ ತೆಗೆದ. "ವ್ಯಾಪಾರ ಯಾವುದು? ಏನು ಮಾರ್ತೀರ?"

"ನಾನೇನೂ ಮಾರಲ್ಲ ಸಾರ್. ಕೊಂಡ್ಕೊತೀನಿ."

"ಕೊಂಡುಕೊಂಡು ಲಾಭ ಮಾಡೋನನ್ನ ನಾನು ಇವತ್ತೇ ಕಾಣ್ತಿರೋದು" ಎಂದು ಬೀರೇಶ್ ಪೆನ್ನು ಕೆಳಗಿಟ್ಟ. "ನೋಡಿ ಆವುಲಪ್ಪನವರೇ, ಇಲ್ಲಿ ಬೋಣಿ ಅಂತ ಕಾಲಂ ಇಲ್ಲ. ಒಂದು ಅಂಗಡಿ ಅಂತ ಇರಲಿ. ಬೋರ್ಡ್ ಇರಲಿ, ವ್ಯಾಪಾರ ನಡೀಲಿ. ಒಂದು ವಾರದ ಬಿಲ್ಲು ತಂದು ತೋರಿಸಿ, ಖಾತೆ ಬಿಡ್ತೀನಿ."

ಆವುಲಪ್ಪ ಎದ್ದ. ಬೀರೇಶ್ ಸುತ್ತ ಮುತ್ತ ನೋಡಿ ದನಿ ಇಳಿಸಿದ. "ನಮ್ಮ ಬ್ರಾಂಚಿಗೆ ಈ ಸಲ ಡೆಪಾಸಿಟ್ಟೇ ಬರ್ತಾ ಇಲ್ಲ. ಸೋಮವಾರ ಹತ್ತು ಗಂಟೆಗೆ ಮೊದಲ ಚಲನ್ ನೀವೇ ತುಂಬೋಕಾಗುತ್ತಾ?"

ಆವುಲಪ್ಪ ಮನೆಗೆ ಬರುವ ದಾರಿಯಲ್ಲೇ ತೀರ್ಮಾನ ಮಾಡಿಯಾಗಿತ್ತು. ಬ್ಯಾಂಕಿನವರು ಕೇಳಿದ್ದು ಹೆಸರಿಗೊಂದು ಅಂಗಡಿ. ಒಂದು ಬೀಡಿ ಅಂಗಡಿ ಇಟ್ಟಿದ್ದರೂ ನಡೆಯುತ್ತಿತ್ತು. ಆದರೆ ಆಸೆಗೆ ಸಣ್ಣ ಅಂಗಡಿ ಹಿಡಿಸುತ್ತದೆಯೇ? "ಊರಿನೋರನ್ನೆಲ್ಲ ನಾನು ಉದ್ಧಾರ ಮಾಡಿದೆ. ಇಷ್ಟು ದಿನ ಈ ಕೈಯನ್ನ ಬೇರೆಯೋರಿಗೆ ಯಾಕೆ ಬಾಡಿಗೆಗೆ ಕೊಟ್ಟೆ ಅಂತ!" ಎಂದು ತಲೆ ಚಚ್ಚಿಕೊಂಡ. ಪೇಟೆಯ ನಟ್ಟನಡುವೆ ದೊಡ್ಡ ಸ್ವೀಟ್ ಅಂಗಡಿ ಎಂದು ನಿಶ್ಚಯವಾಯಿತು. ಗಂಗುಲಮ್ಮ ತವರಿನಿಂದ ತಂದ ಎರಡೆಳೆ ಸರ ಅಡಮಾನಕ್ಕೆ ಹೋಯಿತು.

"ಈ ಸರ ಹರಿತಾ ಮದುವೆಗೆ ಇಟ್ಟಿದ್ದು. ತಿಂಗಳೊಳಗೆ ನನ್ನ ಕತ್ತಿಗೆ ಬರಲಿಲ್ಲ ಅಂದ್ರೆ ನಾನು ಮಂಡಿಕಲ್ಲಿಗೆ ನಮ್ಮಪ್ಪನ ಮನೆಗೆ ಹೋಗ್ತೀನಿ. ಆಮೇಲೆ ನೀವುಂಟು, ನಿಮ್ಮ ಕೈಯುಂಟು" ಎಂದಳು ಗಂಗುಲಮ್ಮ. ಅವಳು ಸುಮ್ಮನೆ ಬೆದರಿಸುವ ಹೆಂಗಸಲ್ಲ.

ಅಂಗಡಿ ಶುಕ್ರವಾರ ಬೆಳಿಗ್ಗೆ ಆರೂ ನಲವತ್ತಕ್ಕೆ ತೆರೆಯಿತು. ಮಾವಿನ ತೋರಣ, ಬಾಳೆಕಂದು, ಬಣ್ಣದ ದೀಪ. ಅರವತ್ತು ಕೆಜಿ ಬಾದುಷಾ, ಮೂವತ್ತು ಕೆಜಿ ಮೈಸೂರುಪಾಕು, ಹಾಲುಖೋವ, ಲಾಡು, ಬಿಸಿ ಬಿಸಿ ಜಿಲೇಬಿ. ಎದುರಿಗೆ ಜನವೋ ಜನ. ಇನ್ನೂರು ಮುನ್ನೂರು ಮಂದಿ ಸೇರಿದ್ದರು. ಪೇಟೆಯ ವ್ಯಾಪಾರಿಗಳೆಲ್ಲ ಬಂದಿದ್ದರು. ಬಿಳಿ ಪಂಚೆ ಉಟ್ಟ ಆವುಲಪ್ಪ ಗಲ್ಲಾದ ಹಿಂದೆ ನಿಂತು ನಕ್ಕ. ಜನವೂ ನಕ್ಕಿತು. ಹತ್ತು ನಿಮಿಷ ಕಳೆಯಿತು. ಯಾರೂ ಒಳಗೆ ಬರಲಿಲ್ಲ.

"ಬನ್ನಿ ಚೆನ್ನರಾಯಪ್ಪನೋರೇ, ಬನ್ನಿ" ಎಂದ ಆವುಲಪ್ಪ.

"ಬರ್ತೀನಿ, ಬರ್ತೀನಿ. ಮೊದಲು ಯಾರಾದ್ರೂ ಬರಲಿ. ಎರಡನೇ ಗಿರಾಕಿ ನಾನೇ" ಎಂದ ಚೆನ್ನರಾಯಪ್ಪ. "ಎರಡು ಕೆಜಿ ಬಾದುಷಾ ಕಟ್ಟಿಡಿ."

ಎರಡನೆಯ ಗಿರಾಕಿಯಾಗಲು ಎಲ್ಲರೂ ಸಿದ್ಧ. ಮೊದಲನೆಯವನಾಗಲು ಯಾರಿಗೆ ಧೈರ್ಯ? ನಾಳೆ ಈ ಅಂಗಡಿಯ ಒಲೆಯಲ್ಲಿ ಎಣ್ಣೆ ಉಕ್ಕಿದರೆ, ಗಾಜು ಒಡೆದರೆ, ಒಂದು ಇಲಿ ಸತ್ತರೂ 'ಬೋಣಿ ಯಾರು ಮಾಡಿದ್ದು' ಎಂಬ ಪ್ರಶ್ನೆ ಏಳುತ್ತದೆ. ಮುನಿಗಂಗಮ್ಮನ ಗತಿ ಊರೆಲ್ಲ ನೋಡಿದೆ. ಅವಳೇನೋ ಬುದ್ಧಿವಂತೆ, ಬದುಕಿಕೊಂಡಳು. ಎಲ್ಲರಿಗೂ ಆ ಅದೃಷ್ಟ ಇರುತ್ತದೆಯೇ?

ಎಂಟು ಗಂಟೆಗೆ ಆವುಲಪ್ಪ ಮಗಳ ಕೈಗೆ ಹತ್ತು ರೂಪಾಯಿ ತುರುಕಿ ಹೊರಗೆ ಕಳಿಸಿ ಒಳಗೆ ಕರೆದ. ಗುಂಪಿನಲ್ಲಿ ಬಳೆ ಅಂಗಡಿಯವನು ಪುಸ್ತಕ ತೆಗೆದು ಗಟ್ಟಿಯಾಗಿ ಓದಿದ: "ನಾಲ್ಕನೇ ನಿಯಮ. ಮನೆಯವರ ಬೋಣಿ ಬೋಣಿಯಲ್ಲ."

ಹರಿತಾ ಕೈ ಜಾಡಿಸಿದಳು. "ಅಪ್ಪಾ, ನೀನೇ ಬರೆದಿದ್ದು ಕಣಪ್ಪಾ. ಪ್ರೂಫ್ ನೋಡಿದ್ದು ನಾನೇ. ನನ್ನ ಮಾನ ಕಳೀಬೇಡ, ಕಾಲೇಜಿಗೆ ಹೋಗ್ತೀನಿ."

ಒಂಬತ್ತು ಗಂಟೆಗೆ ಮದನಪಲ್ಲಿ ಕಡೆಯ ಲಾರಿ ಡ್ರೈವರೊಬ್ಬ ಇದ್ಯಾವುದೂ ತಿಳಿಯದೆ ಗಾಡಿ ನಿಲ್ಲಿಸಿ ಇಳಿದ. "ಅಣ್ಣಾ, ಜಿಲೇಬಿ ವೇಡಿಗಾ ಉಂದಾ?" ಎಂದು ಬಿಸಿ ಇದೆಯೇ ಎಂದು ಕೇಳುತ್ತಾ ಮೆಟ್ಟಿಲಿನ ಮೇಲೆ ಒಂದು ಕಾಲು ಇಟ್ಟ. ಆವುಲಪ್ಪ ಜಿಲೇಬಿ ಕೈಗೆತ್ತಿಕೊಂಡೇಬಿಟ್ಟ. ಅಷ್ಟರಲ್ಲಿ ಹಿಂದಿನಿಂದ ನಾಲ್ಕು ಜನ ಡ್ರೈವರನ ತೋಳು ಹಿಡಿದೆಳೆದು, ತೆಲುಗಿನಲ್ಲಿ ಇಡೀ ಚರಿತ್ರೆ ವಿವರಿಸಿ, ಹೆಸರು ತಿಳಿಯದವರ ಬೋಣಿ ಅಪಾಯ ಎಂಬ ಪುಸ್ತಕದ ಹನ್ನೊಂದನೇ ನಿಯಮವನ್ನೂ ತಿಳಿಸಿಕೊಟ್ಟರು. ಅವನು ಕೈಮುಗಿದು ಎರಡು ಬಾಳೆಹಣ್ಣು ಕೊಂಡು ಲಾರಿ ಹತ್ತಿದ. ಊರಿನ ಜನ ಇಷ್ಟು ಪರೋಪಕಾರಿಗಳಾಗಿದ್ದನ್ನು ಶಿಡ್ಲಘಟ್ಟ ಹಿಂದೆಂದೂ ಕಂಡಿರಲಿಲ್ಲ.

"ಬಾಬೂ, ಏನಾರ ಮಾಡೋ!" ಎಂದು ಆವುಲಪ್ಪ ಬಾಮೈದನ ಭುಜ ಅಲುಗಾಡಿಸಿದ.

"ಪುಕ್ಸಟ್ಟೆ ಹಂಚಿಬಿಡಣ ಬಾವ. ಪ್ರಚಾರ ಆಯ್ತದೆ."

"ಬೋಣಿಗೆ ಮುಂಚೆ ಪುಕ್ಕಟೆ ಕೊಟ್ರೆ ಲಕ್ಷ್ಮಿ ಹೊರಟೋಗ್ತಾಳೆ. ಒಂಬತ್ತನೇ ನಿಯಮ!"

"ಅದೂ ನೀನೇ ಬರೆದಿದ್ದಾ?"

"ಹೂಂ ಕಣೋ."

"ಎಷ್ಟು ಬರೆದಿದೀಯೋ ಮಾರಾಯ" ಎಂದು ರಮೇಶ್‌ಬಾಬು ಚಿಂತಾಮಣಿಯಲ್ಲಿ ಅರ್ಜೆಂಟು ಕೆಲಸ ನೆನಪು ಮಾಡಿಕೊಂಡು ಬಸ್ಸು ಹತ್ತಿದ.

ಮಧ್ಯಾಹ್ನವಾಯಿತು. ಜನ ಕರಗಲಿಲ್ಲ, ಇನ್ನೂ ಸೇರಿತು. ಮೊದಲು ಯಾರು ಹೋಗುತ್ತಾರೆ ಎಂದು ನೋಡುವುದಕ್ಕೆ ವ್ಯಾಪಾರಿಗಳು ತಮ್ಮ ತಮ್ಮ ಅಂಗಡಿಗೇ ಬೀಗ ಹಾಕಿಕೊಂಡು ಬಂದರು. ಬಿಸಿಲಿಗೆ ಖೋವಾ ಬೆವರತೊಡಗಿತು. ಜಿಲೇಬಿ ಮೆತ್ತಗಾಯಿತು. ಮೈಸೂರುಪಾಕಿನಿಂದ ತುಪ್ಪ ಇಳಿದು ತಟ್ಟೆಯಲ್ಲಿ ನಿಂತಿತು. ಆವುಲಪ್ಪ ಟವೆಲಿನಿಂದ ನೊಣ ಹೊಡೆಯುತ್ತಾ ಹೆಂಡತಿಯ ಬೋಳು ಕತ್ತನ್ನು ನೋಡದಿರಲು ಪ್ರಯತ್ನಿಸುತ್ತಿದ್ದ. ಸಂಜೆಯೊಳಗೆ ಇದೆಲ್ಲ ತಿಪ್ಪೆಗೆ. ಸರವೂ ಹೋಯಿತು, ಕೆಲಸವೂ ಹೋಯಿತು, ಗಂಗುಲಮ್ಮನೂ ಮಂಡಿಕಲ್ಲಿಗೆ ಹೋದಳು. ಹೀಗೆ ಬೆರಳು ಮಡಿಸಿ ಲೆಕ್ಕ ಹಾಕುತ್ತಾ ನಿಂತ.

ನಾಲ್ಕು ಗಂಟೆಯ ಸುಮಾರಿಗೆ ಗುಂಪು ಇದ್ದಕ್ಕಿದ್ದಂತೆ ಎರಡು ಭಾಗವಾಗಿ ಸರಿಯಿತು. ನಡುವೆ ದಾರಿ ಮಾಡಿಕೊಂಡು ಮುನಿಗಂಗಮ್ಮ ಬರುತ್ತಿದ್ದಳು. ಕೈಯಲ್ಲಿ ಚೀಲ.

"ಬಂದ್ಳಪ್ಪೋ!" ಎಂದಿತು ಗುಂಪು.

ಆವುಲಪ್ಪ ಗಲ್ಲಾ ಹಾರಿ ಬಾಗಿಲಿಗೆ ಬಂದು ಎರಡೂ ಕೈ ಅಡ್ಡ ಹಿಡಿದ. "ನಿಲ್ಲು! ಅಲ್ಲೇ ನಿಲ್ಲು!"

"ಯಾಕಪ್ಪಾ, ಅಂಗಡಿ ತೆಗೆದಿಲ್ವಾ? ಮಾಲಾನ್ನ ನೋಡೋಕೆ ಗಂಡಿನೋರು ಬಸ್ಸಿಳಿದವ್ರೆ. ಮನೇಲಿ ಒಂದ್ ಸಿಹಿ ಇಲ್ಲ. ಹಾಳಾದೋರು ಊರಲ್ಲಿರೋ ಅಂಗಡಿಗೆಲ್ಲ ಬೀಗ ಹಾಕ್ಕೊಂಡು ಇಲ್ಲಿ ಬಂದು ನಿಂತವ್ರೆ. ಒಂದ್ ಕೆಜಿ ಬಾದುಷಾ ಕೊಡಪ್ಪ, ಬೇಗ."

"ನೂರು ರೂಪಾಯಿ ಕೊಡ್ತೀನಿ. ವಾಪಸ್ ಹೋಗು."

"ಬಾದುಷಾ ಕೊಡು."

"ಇನ್ನೂರು!"

"ದುಡ್ಡು ನನ್ನ ಹತ್ರ ಐತೆ ಕಣೋ. ಗಂಡಿನೋರ ಮುಂದೆ ತಟ್ಟೇಲಿ ದುಡ್ಡು ಇಡೋಕಾಯ್ತದಾ? ಬಾದುಷಾ ಕೊಡು."

"ಐನೂರು! ನಿನ್ನ ಕಾಲಿಗೆ ಬೀಳ್ತೀನಿ!"

ಮುನಿಗಂಗಮ್ಮನ ಕಣ್ಣು ತುಂಬಿತು. "ಮಗೂಗೆ ಇದು ಮೂರನೇ ಗಂಡು ಕಣೋ. ಹೋದ ಸಲ ಬಂದೋರು, ಒಂದು ಸಿಹಿ ಕೊಡೋ ಯೋಗ್ಯತೆ ಇಲ್ಲ ಅಂತ ಆಡ್ಕೊಂಡು ಹೋದ್ರು" ಎಂದಳು.

ಗಂಗುಲಮ್ಮ ಬೆಳಗಿನಿಂದ ಮೂಲೆಯಲ್ಲಿ ಕೂತಿದ್ದವಳು ಎದ್ದಳು. ಗಂಡನನ್ನು ಮೊಣಕೈಯಿಂದ ಪಕ್ಕಕ್ಕೆ ನೂಕಿದಳು. ಡಬ್ಬಿ ತೆಗೆದಳು, ಬಾದುಷಾ ತೂಗಿದಳು, ದಾರ ಕಟ್ಟಿದಳು.

"ಏ, ಏನ್ ಮಾಡ್ತಾ ಇದೀಯೇ? ಮನೆ ಹಾಳಾಗೋಗ್ತದೆ!"

"ಹಾಳಾಗೋಕೆ ಏನ್ರೀ ಉಳಿದೈತೆ? ಮುನ್ನೂರಾ ಇಪ್ಪತ್ತು ಕೊಡಮ್ಮ."

ಮುನಿಗಂಗಮ್ಮ ಸೆರಗಿನ ಗಂಟು ಬಿಚ್ಚಿ ಪೂರ್ತಿ ದುಡ್ಡು ಕೊಟ್ಟಳು. ಒಂದು ರೂಪಾಯಿ ಚೌಕಾಸಿ ಮಾಡಲಿಲ್ಲ. ಗಂಗುಲಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದಳು. ಆವುಲಪ್ಪ ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿದ. ಆಕಾಶ ಬೀಳುತ್ತದೆ ಎಂದು ಕಾದ.

ಬಿದ್ದದ್ದು ಜನ. ಮೊದಲನೆಯವಳು ಹೋದಳಲ್ಲ, ಇನ್ನು ಯಾರಿಗೆ ಭಯ? ಬೆಳಗಿನಿಂದ ಬಾಯಲ್ಲಿ ನೀರೂರಿಸಿಕೊಂಡು ನಿಂತಿದ್ದ ಮುನ್ನೂರು ಮಂದಿ, ಎರಡನೆಯವನು ನಾನು ಎಂದು ಒಬ್ಬರ ಮೇಲೊಬ್ಬರು ಬಿದ್ದರು. ಚೆನ್ನರಾಯಪ್ಪನ ಚಪ್ಪಲಿ ಕಿತ್ತುಹೋಯಿತು. ಯಶೋದಮ್ಮ ಮೆತ್ತಗಾದ ಜಿಲೇಬಿಯನ್ನೂ ಬಿಡಲಿಲ್ಲ. ಐವತ್ತು ನಿಮಿಷದಲ್ಲಿ ತಟ್ಟೆಗಳೆಲ್ಲ ಖಾಲಿ. ತುಪ್ಪದ ಜಿಡ್ಡು ಬಿಟ್ಟರೆ ಏನೂ ಉಳಿಯಲಿಲ್ಲ. ಸಾಲದೆಂಬಂತೆ ಆರು ಗಂಟೆಗೆ ಮಾಲಾಳ ಸಂಬಂಧ ಕುದುರಿತು ಎಂಬ ಸುದ್ದಿಯೂ ಬಂತು. ಗಂಡಿನ ಕಡೆಯವರು ಬಾದುಷಾ ಎಲ್ಲಿಯದು ಎಂದು ಕೇಳಿದರಂತೆ.

ಆವುಲಪ್ಪ ಸಂತೋಷಕ್ಕೆ ಕುಣಿದಾಡಿದ. ನಾಳೆಗೆ ನೂರೈವತ್ತು ಕೆಜಿ ಹಾಕಿ ಎಂದು ಅಡುಗೆಯವರಿಗೆ ಹೇಳಿದ. "ನೋಡಿದೆಯೇನೇ? ನನ್ನ ಕೈ ಅಂದ್ರೆ ಏನು ಅಂದ್ಕೊಂಡಿದ್ದೆ?"

"ನಿಮ್ಮ ಕೈ ಬೆಳಗಿಂದ ನೊಣ ಹೊಡೀತಿತ್ತು" ಎಂದಳು ಗಂಗುಲಮ್ಮ. "ನಾಳೆ ಬೋಣಿ ಯಾರು ಮಾಡ್ತಾರೆ? ಅದು ಹೇಳಿ."

ಆವುಲಪ್ಪನ ಕುಣಿತ ಅಲ್ಲೇ ನಿಂತಿತು. ನೂರೈವತ್ತು ಕೆಜಿ! ಒಂದು ಡಬ್ಬಿ ಲಾಡು ಮಾಡಿಸಿಕೊಂಡು ಮಾರನೆಯ ಬೆಳಿಗ್ಗೆ ಐದು ಗಂಟೆಗೇ ಮುನಿಗಂಗಮ್ಮನ ಮನೆಗೆ ಓಡಿದ. ಅಲ್ಲಿ ನೋಡಿದರೆ ಬಾಗಿಲ ಮುಂದೆ ಚೆನ್ನರಾಯಪ್ಪನ ಸ್ಕೂಟರು, ಬಳೆ ಅಂಗಡಿಯವನ ಸ್ಕೂಟರು, ಹಗ್ಗದ ಅಂಗಡಿಯವನ ಆಟೋ. ಬ್ಯಾಂಕಿನ ಬೀರೇಶ್ ಕೂಡ ಗೋಡೆ ಕಡೆ ಮುಖ ಮಾಡಿ ನಿಂತಿದ್ದ. ನಿನ್ನೆಯ ತನಕ ಈ ಮುದುಕಿ ಎದುರು ಬಂದರೆ ಷಟರ್ ಇಳಿಸುತ್ತಿದ್ದವರು. ಅವಳು ಹೊದಿಕೆ ಹೊದ್ದು ಜಗಲಿ ಮೇಲೆ ಕೂತು ನಿಧಾನವಾಗಿ ಕಾಫಿ ಕುಡಿಯುತ್ತಿದ್ದಳು. ಕಾಫಿಪುಡಿ ಅವರೇ ಕಳಿಸಿದ್ದು.

ಆವುಲಪ್ಪ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಹೋಗಿ ಕಾಲು ಮುಟ್ಟಿದ. "ದೊಡ್ಡಮ್ಮಾ, ನಾನು ಏನೋ ಬುದ್ಧಿಯಿಲ್ದೆ ನಿನ್ನ ಕೈ ಬಗ್ಗೆ ಒಂದ್ ಮಾತು ಹಬ್ಬಿಸಿಬಿಟ್ಟೆ. ಹೊಟ್ಟೇಗ್ ಹಾಕ್ಕೋ. ನಡಿ, ನಮ್ಮಂಗಡೀಲಿ ಬೋಣಿ ಮಾಡು."

ಮುನಿಗಂಗಮ್ಮ ಲೋಟ ಕೆಳಗಿಟ್ಟಳು. "ಬೋಣಿ ಮಾಡಿದ್ರೆ ನೀನು ಎಷ್ಟು ಇಸ್ಕೊತಿದ್ದೆ?"

ಆವುಲಪ್ಪನ ನಾಲಗೆ ತುದಿಗೆ ನಿಜ ಬಂದಿತ್ತು. ಆದರೆ ಚೌಕಾಸಿಯ ಚಟ ಎಲ್ಲಿ ಹೋಗಬೇಕು? ಅರ್ಧಕ್ಕೆ ಇಳಿಸಿದ. "ಐವತ್ತು ರೂಪಾಯಿ ದೊಡ್ಡಮ್ಮ. ನಿಂಗೂ ಅಷ್ಟೇ ಕೊಡ್ತೀನಿ."

ಮುನಿಗಂಗಮ್ಮ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಆಮೇಲೆ ಹೊದಿಕೆ ಸರಿಮಾಡಿಕೊಂಡು ಅಂದಳು: "ಅಷ್ಟೇನಾ? ನಾನು ಬರದೇ ಇರೋದಕ್ಕೇ ಅದಕ್ಕಿಂತ ಜಾಸ್ತಿ ಕೊಡ್ತಾ ಇದ್ರಲ್ಲೋ."